ದೊಣ್ಣೆ ನೋಡಿದ ಕುರಿಗೆ ಧೈರ್ಯ ಹೇಗೆ ಬರುತ್ತದೆ?

ಪ್ರಶ್ನೆ: ನಾನು ನಮ್ಮ ಚರ್ಚಿನ ಸಂಡೆ ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಮೊನ್ನೆ 23ನೇ ಕೀರ್ತನೆ ಓದುತ್ತಿದ್ದೆವು. ದೇವರ ದೊಣ್ಣೆಯೂ ಕೋಲೂ ನನಗೆ ಧೈರ್ಯ ಕೊಡುತ್ತವೆ ಎಂಬ ಮಾತು ಬಂತು. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ದೊಣ್ಣೆ ಇರೋದು ಹೊಡೆಯೋಕೆ ಅಲ್ವಾ? ಅದನ್ನ ನೋಡಿ ಕುರಿಗೆ ಧೈರ್ಯ ಹೇಗೆ ಬರುತ್ತೆ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ದೊಣ್ಣೆ ಬೇರೆ, ಕೋಲು ಬೇರೆಯೇ? ಆ ಕಾಲದ ಕುರುಬರ ಹತ್ತಿರ ಇನ್ನೇನೇನು ಇರುತ್ತಿತ್ತು? ಇನ್ನೊಂದು ವಿಷಯ. ಪದೇ ಪದೇ ದಾರಿ ತಪ್ಪುವ ಮರಿಯ ಕಾಲನ್ನು ಕುರುಬನೇ ಮುರಿದು, ಆಮೇಲೆ ಅದನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಎಂದು ಒಂದು ಪ್ರಸಂಗದಲ್ಲಿ ಕೇಳಿದೆ. ಇದು ನಿಜವೇ?

ಉತ್ತರ: ಹುಡುಗ ಹೇಳಿದ್ದು ಸರಿ. ದೊಣ್ಣೆ ಇರುವುದು ಹೊಡೆಯುವುದಕ್ಕೇ. ಯಾರನ್ನು ಹೊಡೆಯುವುದಕ್ಕೆ ಅನ್ನುವುದನ್ನು ಅವನಿಗೆ ಹೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೊದಲು ಆ ಕುರಿಗಳು ಮೇಯುತ್ತಿದ್ದ ಜಾಗ ನೋಡೋಣ. ಹಸಿರು ಹುಲ್ಲುಗಾವಲು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಕ್ಯಾಲೆಂಡರ್ ಚಿತ್ರ ಬಂದುಬಿಡುತ್ತದೆ. ಈ ಕೀರ್ತನೆ ಕುರಿ ಕಾಯುತ್ತಿದ್ದ ದಾವೀದನದು ಎನ್ನುತ್ತಾರೆ; ಅವನ ಊರು ಬೇತ್ಲೆಹೇಮ್ ಹಾಗಿಲ್ಲ. ಅದು ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ನೇರ ಅಳೆದರೆ 25 ಕಿಲೋಮೀಟರ್ ಆಸುಪಾಸಿನಲ್ಲೇ ಮೃತ ಸಮುದ್ರ. ಅದರ ನೀರು ಸಮುದ್ರ ಮಟ್ಟಕ್ಕಿಂತ 400 ಮೀಟರಿಗೂ ಕೆಳಗಿದೆ. ಅಷ್ಟು ಸ್ವಲ್ಪ ದೂರದಲ್ಲಿ ನೆಲ ಅಷ್ಟು ಆಳಕ್ಕೆ ಇಳಿಯುತ್ತದೆ. ಆ ಇಳಿಜಾರೇ ಯೂದಾಯದ ಅಡವಿ. ಅಡವಿ ಎಂದರೆ ಮರಗಳ ಕಾಡಲ್ಲ, ಬೋಳು ಗುಡ್ಡ, ಕಲ್ಲು, ಕಡಿದಾದ ಕಣಿವೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅದು ಮುಗಿದ ಮೇಲೆ ಕೆಲವು ವಾರ ಗುಡ್ಡಕ್ಕೆ ಹಸಿರು ಬಣ್ಣ. ಆಮೇಲೆ ಕುರುಬ ಒಂದೊಂದು ಹಿಡಿ ಹುಲ್ಲಿಗೂ ಕಣಿವೆಯಿಂದ ಕಣಿವೆಗೆ ಮಂದೆ ಹೊಡೆದುಕೊಂಡು ಹೋಗಬೇಕು.

ಕೀರ್ತನೆಯ ಕಾರ್ಗತ್ತಲಿನ ಕಣಿವೆ ಕವಿಯ ಕಲ್ಪನೆ ಅಷ್ಟೇ ಅಲ್ಲ. ಅಂಥ ಕಣಿವೆಗಳು ಅಲ್ಲಿ ಈಗಲೂ ಇವೆ. ಎರಡೂ ಕಡೆ ಬಂಡೆ ಗೋಡೆ, ನಡುವೆ ಇಕ್ಕಟ್ಟಾದ ದಾರಿ. ತಿರುವಿನ ಆಚೆ ಏನಿದೆ ಗೊತ್ತಾಗುವುದಿಲ್ಲ. ಆಗ ತೋಳ, ಚಿರತೆ, ಕತ್ತೆಕಿರುಬ, ಕರಡಿ ಎಲ್ಲ ಇದ್ದವು. ಸಿಂಹವೂ ಇತ್ತು; ಕ್ರುಸೇಡ್ ಯುದ್ಧಗಳ ಕಾಲದವರೆಗೂ ಆ ನಾಡಿನಲ್ಲಿ ಸಿಂಹಗಳಿದ್ದವು. ಇಂಥ ಜಾಗದಲ್ಲಿ ಬರಿಗೈಯ ಕುರುಬನ ಹಿಂದೆ ಹೋಗುವುದು, ದೊಣ್ಣೆ ಹಿಡಿದ ಕುರುಬನ ಹಿಂದೆ ಹೋಗುವುದು, ಎರಡರಲ್ಲಿ ಯಾವುದು ವಾಸಿ ಎಂದು ಆ ಹುಡುಗನನ್ನೇ ಕೇಳಿ.

ಇನ್ನು ದೊಣ್ಣೆ, ಕೋಲು. ಮೂಲ ಹೀಬ್ರೂವಿನಲ್ಲಿ ಇವು ಎರಡು ಬೇರೆ ಪದಗಳು. ದೊಣ್ಣೆಗೆ ಶೇವೆಟ್, ಕೋಲಿಗೆ ಮಿಶ್‌ಎನೆತ್. ಹೀಬ್ರೂ ಕವಿತೆಯಲ್ಲಿ ಒಂದೇ ಮಾತನ್ನು ಎರಡು ಪದದಲ್ಲಿ ಹೇಳುವ ರೂಢಿ ಇದೆ. ಹಾಗಾಗಿ ಇಲ್ಲಿಯೂ ಒಂದೇ ಕೋಲು ಇರಬಹುದಲ್ಲ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬೈಬಲಿನ ಬೇರೆ ಕಡೆ ಈ ಎರಡು ಪದಗಳು ಮಾಡುವ ಕೆಲಸವೇ ಬೇರೆ ಬೇರೆ.

ಶೇವೆಟ್ ಅಂದರೆ ಗಟ್ಟಿ ಮರದ ಗಿಡ್ಡ ದೊಣ್ಣೆ. ಪ್ಯಾಲೆಸ್ತೀನಿನ ಕುರುಬರು ತೀರಾ ಇತ್ತೀಚಿನವರೆಗೂ ಅಂಥದ್ದನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ತುದಿಯಲ್ಲಿ ಮರದ ಬುಡದ ಗಂಟು ಹಾಗೇ ಉಳಿದಿರುತ್ತದೆ. ಬೀಸಿದಾಗ ಭಾರವೆಲ್ಲ ಆ ಗಂಟಿಗೆ ಬರುತ್ತದೆ. ದಾವೀದನ ಶೂರರಲ್ಲಿ ಒಬ್ಬನಾದ ಬೆನಾಯ, ಈಟಿ ಹಿಡಿದಿದ್ದ ಐಗುಪ್ತದವನ (ಈಜಿಪ್ಟಿನವನ) ಮೇಲೆ ಇಂಥ ಶೇವೆಟ್ ಒಂದನ್ನೇ ಹಿಡಿದು ಹೋದ ಎಂದು 2 ಸಮುವೇಲ 23ರಲ್ಲಿದೆ. ಅಂದರೆ ಅದು ಆಯುಧ.

ಮಿಶ್‌ಎನೆತ್ ಪದದ ಬೇರು ಒರಗುವುದು, ಊರುವುದು ಎಂಬ ಅರ್ಥದ್ದು. ನಮ್ಮ ಊರುಗೋಲು ಎಂಬ ಪದ ಹುಟ್ಟಿದ ಹಾಗೆಯೇ. ಮುದುಕರು ಕೋಲು ಹಿಡಿದು ಯೆರೂಸಲೇಮಿನ ಬೀದಿಗಳಲ್ಲಿ ಮತ್ತೆ ಕೂರುತ್ತಾರೆ ಎಂದು ಜೆಕರ್ಯ 8ರಲ್ಲಿ ಒಂದು ಚೆಂದದ ಮಾತಿದೆ. ಅಲ್ಲಿರುವುದು ಇದೇ ಪದ. ಪ್ರವಾದಿ ಎಲೀಷನು ಸತ್ತ ಹುಡುಗನ ಮುಖದ ಮೇಲೆ ಇಡು ಎಂದು ತನ್ನ ಆಳು ಗೇಹಜಿಯ ಕೈಗೆ ಕೊಟ್ಟು ಕಳಿಸಿದ್ದೂ ಇದನ್ನೇ. ಕುರುಬನಿಗೆ ಇದು ಉದ್ದನೆಯ ಕೋಲು. ಇಳಿಜಾರಿನಲ್ಲಿ ಊರುವುದಕ್ಕೆ, ಪೊದೆ ಸರಿಸುವುದಕ್ಕೆ, ಮರದ ಸೊಪ್ಪು ಉದುರಿಸುವುದಕ್ಕೆ, ಮಂದೆಯಿಂದ ಆಚೆ ಸರಿದ ಕುರಿಯ ಮೈ ಮುಟ್ಟಿ ಒಳಕ್ಕೆ ತರುವುದಕ್ಕೆ, ಗಂಟೆಗಟ್ಟಲೆ ನಿಂತಾಗ ಗಲ್ಲ ಊರಿಕೊಂಡು ನಿಲ್ಲುವುದಕ್ಕೆ. ನಮ್ಮ ಬಯಲುಸೀಮೆಯಲ್ಲಿ ಕುರಿ ಮಂದೆ ನೋಡಿದವರಿಗೆ ಆ ಕೊನೆಯ ಭಂಗಿಯನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಒಂದು ಕೋಲು ಶತ್ರುವಿನ ಕಡೆಗೆ, ಇನ್ನೊಂದು ಕುರಿಯ ಕಡೆಗೆ. ಎರಡೂ ಕುರುಬನ ಕೈಯಲ್ಲಿವೆ ಎಂದು ಕುರಿಗೆ ಗೊತ್ತು. ಧೈರ್ಯ ಬರುವುದು ಅಲ್ಲಿಂದ.

ಒಂದು ಮಾತನ್ನು ಮುಚ್ಚಿಡಬಾರದು. ಜ್ಞಾನೋಕ್ತಿ 13:24ರಲ್ಲಿ ಮಗನನ್ನು ತಿದ್ದುವ ಬೆತ್ತಕ್ಕೂ ಶೇವೆಟ್ ಎಂಬ ಪದವೇ ಇದೆ. ರಾಜದಂಡಕ್ಕೂ ಅದೇ ಪದ. ಇಸ್ರಾಯೇಲರ ಹನ್ನೆರಡು ಕುಲಗಳಿಗೂ ಅದೇ ಪದ. ಹಿರಿಯನ ಕೈಯ ಕೋಲು ಅವನ ಕುಲದ ಗುರುತಾಯಿತು, ಆಮೇಲೆ ಕುಲಕ್ಕೇ ಆ ಹೆಸರು ನಿಂತಿತು. ನಮ್ಮ ದಂಡ ಎಂಬ ಪದವನ್ನು ನೋಡಿ. ಅದು ಕೋಲೂ ಹೌದು, ಜುಲ್ಮಾನೆಯೂ ಹೌದು. ಒಂದು ಪದಕ್ಕೆ ಇಷ್ಟು ಅರ್ಥ ಇದ್ದಾಗ ಯಾವ ವಾಕ್ಯದಲ್ಲಿ ಯಾರ ಕೈಯಲ್ಲಿದೆ ಎಂದು ನೋಡಿಯೇ ಓದಬೇಕು. 23ನೇ ಕೀರ್ತನೆಯಲ್ಲಿ ಅದು ಅಪಾಯದ ಕಣಿವೆಯಲ್ಲಿ ಕುರಿಯ ಜೊತೆ ನಡೆಯುವವನ ಕೈಯಲ್ಲಿದೆ.

ಶೇವೆಟ್‌ಗೆ ಇನ್ನೊಂದು ಕೆಲಸವಿತ್ತು. ನನಗೆ ತುಂಬಾ ಇಷ್ಟವಾದದ್ದು ಅದೇ. ಎಣಿಕೆ. ಯಾಜಕಕಾಂಡ 27:32ರಲ್ಲಿ, ಕುರುಬನ ಕೋಲಿನ ಕೆಳಗೆ ದಾಟುವ ಪ್ರತಿ ಹತ್ತನೆಯ ಪ್ರಾಣಿ ದೇವರಿಗೆ ಎಂದಿದೆ. ಇದು ಹೇಗೆ ನಡೆಯುತ್ತಿತ್ತು ಎಂದು ಯೆಹೂದ್ಯರ ಮಿಷ್ನಾ ಎಂಬ ಧರ್ಮಶಾಸ್ತ್ರ ವಿವರವಾಗಿ ಹೇಳುತ್ತದೆ. ಅದನ್ನು ಒಟ್ಟುಮಾಡಿದ್ದು ಕ್ರಿ.ಶ. 200ರ ಸುಮಾರಿಗೆ. ಮರಿಗಳನ್ನೆಲ್ಲ ದೊಡ್ಡಿಗೆ ಕೂಡುತ್ತಾರೆ. ಬಾಗಿಲು ತೀರಾ ಕಿರಿದು, ಎರಡು ಮರಿ ಒಟ್ಟಿಗೆ ಹೊರಬರಲು ಆಗಬಾರದು. ತಾಯಿ ಕುರಿಗಳನ್ನು ಹೊರಗೆ ನಿಲ್ಲಿಸುತ್ತಾರೆ ಎಂದು ಮಿಷ್ನಾಕ್ಕೆ ಆಮೇಲೆ ಬಂದ ವ್ಯಾಖ್ಯಾನವಾದ ತಾಲ್ಮೂದ್ ಸೇರಿಸುತ್ತದೆ. ತಾಯಂದಿರು ಹೊರಗಿಂದ ಕೂಗಿದಾಗ ಮರಿಗಳು ತಾವಾಗೇ ನುಗ್ಗಿ ಬರುತ್ತವೆ. ಯಾರೂ ತಳ್ಳುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ಬಾಗಿಲಲ್ಲಿ ಕೋಲು ಹಿಡಿದವನು ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಹತ್ತನೆಯದಕ್ಕೆ ಕೆಂಪು ಬಣ್ಣದ ಗುರುತು. ಇದು ದಶಮಾಂಶ ಎಂದು ಬಾಯಲ್ಲಿ ಹೇಳುತ್ತಾನೆ.

ಯಾಕೆ ಇಷ್ಟೆಲ್ಲ? ಯಾಕೆಂದರೆ ಆರಿಸಬಾರದು. ಹತ್ತನೆಯದು ಒಳ್ಳೆಯದೋ ಕೆಟ್ಟದ್ದೋ ನೋಡಬಾರದು, ಬದಲಾಯಿಸಲೂಬಾರದು ಎಂದು ಮುಂದಿನ ವಚನದಲ್ಲೇ ಇದೆ. ದಪ್ಪಗಿರುವುದನ್ನು ತನಗೆ ಇಟ್ಟುಕೊಂಡು ಬಡಕಲನ್ನು ದೇವರಿಗೆ ತಳ್ಳುವ ಆಸೆ ಯಾರಿಗಿಲ್ಲ? ಬಾಗಿಲಿನ ಆ ಕೋಲು ಅದಕ್ಕೆ ಜಾಗ ಕೊಡುವುದಿಲ್ಲ. ನಿಮ್ಮನ್ನು ಕೋಲಿನ ಕೆಳಗೆ ದಾಟಿಸುವೆನು ಎಂದು ಯೆಹೆಜ್ಕೇಲ 20:37ರಲ್ಲಿ ದೇವರು ಜನರಿಗೆ ಹೇಳುವಾಗ ಹೊಡೆತವೇ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಕೇಳುತ್ತಿದ್ದವರ ಕಣ್ಣಿಗೆ ಕಟ್ಟುತ್ತಿದ್ದದ್ದು ಈ ಕಿರಿದಾದ ಬಾಗಿಲು. ಒಬ್ಬೊಬ್ಬರೇ ದಾಟಬೇಕು, ಒಬ್ಬರೂ ಲೆಕ್ಕ ತಪ್ಪುವುದಿಲ್ಲ.

ಕೊಪ್ಪಳದ ಕಡೆ ಒಮ್ಮೆ ಸಂಜೆ ಮಂದೆ ಹಟ್ಟಿಗೆ ಬರುವಾಗ ನಿಂತು ನೋಡಿದ್ದೆ. ಮುಳ್ಳುಬೇಲಿಯ ಸಂದಿಯಲ್ಲಿ ಅಜ್ಜ ಒಬ್ಬರು ಕೋಲನ್ನು ಅಡ್ಡ ಹಿಡಿದು ನಿಂತಿದ್ದರು. ಕೋಲು ಸ್ವಲ್ಪ ಮೇಲೆ ಎತ್ತುವುದು, ಒಂದು ಕುರಿ ನುಸುಳುವುದು, ಮತ್ತೆ ಇಳಿಸುವುದು. ಮಾತಾಡಿಸಿದರೆ ಉತ್ತರವಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಲ್ಲ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಈಗ ಹೇಳ್ರಿ" ಎಂದರು. ಲೂಕ 15ರ ನೂರು ಕುರಿಗಳ ಕಥೆ ನನಗೆ ಸರಿಯಾಗಿ ಅರ್ಥವಾದದ್ದು ಅವತ್ತು. ಒಂದು ಕಡಿಮೆ ಇದೆ ಎಂದು ಆ ಕುರುಬನಿಗೆ ಗೊತ್ತಾದದ್ದು ಹೇಗೆ? ಎಣಿಸಿದ್ದರಿಂದ.

ಎಣಿಕೆ ಎಷ್ಟು ಹಳೆಯದು ಎನ್ನುವುದಕ್ಕೆ ಇರಾಕಿನ ಕಿರ್ಕೂಕ್ ಹತ್ತಿರದ ನೂಜಿಯಲ್ಲಿ ಒಂದು ವಸ್ತು ಸಿಕ್ಕಿದೆ. ಮೊಟ್ಟೆಯಾಕಾರದ ಟೊಳ್ಳು ಮಣ್ಣಿನ ಉಂಡೆ. ವಯಸ್ಸು ಮೂರು ಸಾವಿರ ವರ್ಷಕ್ಕೂ ಜಾಸ್ತಿ. ಹೊರಗೆ ಕುರುಬನಿಗೆ ಒಪ್ಪಿಸಿದ ಕುರಿ ಆಡುಗಳ ಪಟ್ಟಿ: ಈದ ಕುರಿ ಇಷ್ಟು, ಟಗರು ಇಷ್ಟು, ಮರಿ ಇಷ್ಟು. ಒಳಗೆ ತಲೆಗೊಂದರಂತೆ ಹರಳುಗಳು, ಐವತ್ತಕ್ಕೆ ಒಂದೆರಡು ಕಡಿಮೆ. ಓದು ಬಾರದ ಕುರುಬನಿಗೂ, ಬರೆಯಬಲ್ಲ ಯಜಮಾನನಿಗೂ ಒಂದೇ ಲೆಕ್ಕ.

ಈಗ ಕವಣೆ. ಮಕ್ಕಳು ಕಾಯುತ್ತಿರುವುದು ಇದಕ್ಕೇ, ಅಲ್ವಾ? ದೈತ್ಯ ಗೊಲ್ಯಾತನ ಎದುರು ಹೋಗುವಾಗ ದಾವೀದ ಹೊಸದಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ. ಅರಸ ಸೌಲನ ಕವಚ, ಕತ್ತಿ ಹಾಕಿ ನೋಡಿದ, ಅಭ್ಯಾಸವಿಲ್ಲ ಎಂದು ಬಿಚ್ಚಿಟ್ಟ. ತೆಗೆದುಕೊಂಡದ್ದು ದಿನಾ ಕೈಯಲ್ಲಿರುತ್ತಿದ್ದ ಕೋಲು, ಕವಣೆ, ಹೆಗಲ ಚೀಲ. ಹಳ್ಳದಿಂದ ಐದು ನುಣುಪು ಕಲ್ಲು ಆರಿಸಿ ಚೀಲಕ್ಕೆ ಹಾಕಿಕೊಂಡ. ನುಣುಪು ಯಾಕೆ? ಮೂಲೆ ಮುರುಕು ಇರುವ ಕಲ್ಲು ಗಾಳಿಯಲ್ಲಿ ಅತ್ತಿತ್ತ ಹೊರಳುತ್ತದೆ. ನೀರಿನಲ್ಲಿ ಉರುಳಿ ಗುಂಡಗಾದ ಕಲ್ಲು ನೇರ ಹೋಗುತ್ತದೆ.

ಕವಣೆ ಮಾಡುವುದು ಸುಲಭ. ನಡುವೆ ಅಂಗೈಯಷ್ಟು ಅಗಲದ ತೊಗಲಿನ ತುಂಡು, ಇಲ್ಲವೇ ಹೆಣೆದ ಪಟ್ಟಿ. ಎರಡು ಕಡೆ ಹುರಿ. ಒಂದು ಹುರಿಯ ತುದಿಗೆ ಕುಣಿಕೆ, ಅದು ಬೆರಳಿಗೆ. ಇನ್ನೊಂದರ ತುದಿಗೆ ಗಂಟು, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು. ಕಲ್ಲು ಇಟ್ಟು, ಒಂದೆರಡು ಸುತ್ತು ಬೀಸಿ, ಗಂಟು ಬಿಟ್ಟರೆ ಆಯಿತು. ಆ ಬಿಡುವ ಗಳಿಗೆಯಲ್ಲೇ ವಿದ್ಯೆಯೆಲ್ಲ ಇರುವುದು. ಹೀಬ್ರೂವಿನಲ್ಲಿ ಕಲ್ಲು ಕೂರುವ ಆ ಪಟ್ಟಿಯನ್ನು ಕವಣೆಯ ಅಂಗೈ ಎಂದೇ ಕರೆಯುತ್ತಾರೆ. ನಾಬಾಲನ ಹೆಂಡತಿ ಅಬೀಗೈಲಳು ದಾವೀದನಿಗೆ, ನಿನ್ನ ಶತ್ರುಗಳ ಪ್ರಾಣವನ್ನು ದೇವರು ಕವಣೆಯ ಅಂಗೈಯಿಂದ ಬೀಸಿ ಎಸೆಯಲಿ ಎನ್ನುತ್ತಾಳೆ. ಅವಳ ಮನೆಯಲ್ಲಿ ಮೂರು ಸಾವಿರ ಕುರಿ, ಸಾವಿರ ಆಡು. ಆಗ ಉಣ್ಣೆ ಕತ್ತರಿಸುವ ಹಬ್ಬ ನಡೆಯುತ್ತಿತ್ತು. ಕುರುಬರ ನಡುವೆ ಬಾಳಿದ ಹೆಂಗಸಿಗೆ ಬೇರೆ ಯಾವ ಹೋಲಿಕೆ ಬಾಯಿಗೆ ಬರಬೇಕು?

ಕವಣೆ ಆಟದ ಸಾಮಾನು ಎಂದು ಮಕ್ಕಳು ತಿಳಿಯಬಾರದು. ರಬ್ಬರ್ ಕಟ್ಟಿದ ಕವೆಗೋಲು ಬೇರೆ, ಇದು ಬೇರೆ. ಅದು ಆ ಕಾಲದಲ್ಲಿ ಇರಲೇ ಇಲ್ಲ. ಬೆನ್ಯಾಮೀನ ಕುಲದ 700 ಮಂದಿ ಎಡಗೈಯವರು ಕೂದಲೆಳೆಗೆ ಗುರಿಯಿಟ್ಟರೂ ತಪ್ಪುತ್ತಿರಲಿಲ್ಲ ಎಂದು ನ್ಯಾಯಸ್ಥಾಪಕರು 20:16 ಹೇಳುತ್ತದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ಯೂದಾಯದ ಲಾಕೀಷ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ. ಅದರ ಕಲ್ಲುಕೆತ್ತನೆ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕವಣೆ ಬೀಸುವ ಸೈನಿಕರು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ಲಾಕೀಷಿನಲ್ಲಿ ಅಗೆದಾಗ ಕವಣೆ ಕಲ್ಲುಗಳೂ ಸಿಕ್ಕಿವೆ, ಹೆಚ್ಚುಕಡಿಮೆ ಟೆನ್ನಿಸ್ ಚೆಂಡಿನಷ್ಟು ದಪ್ಪ. ಅಷ್ಟು ದಪ್ಪದ ಕಲ್ಲು ಹಣೆಗೆ ಬಡಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಗೊಲ್ಯಾತನ ಮಾತನ್ನು ಇನ್ನೊಮ್ಮೆ ಓದಿ. ನಾನೇನು ನಾಯಿಯೇ, ಕೋಲು ಹಿಡಿದು ಬರುತ್ತೀಯಲ್ಲ ಎನ್ನುತ್ತಾನೆ. ಅವನ ಬಾಯಲ್ಲಿ ಬಂದದ್ದು ಕೋಲು ಮಾತ್ರ. ಕವಣೆಯ ಮಾತೇ ಇಲ್ಲ.

ಕುರುಬನಿಗೆ ದಿನನಿತ್ಯ ಕವಣೆಯ ಕೆಲಸ ಇಷ್ಟು ದೊಡ್ಡದಲ್ಲ. ದೂರ ಹೋದ ಕುರಿಯ ಮುಂದೆ ಕಲ್ಲು ಬೀಳುವ ಹಾಗೆ ಬೀಸುತ್ತಾನೆ. ಸದ್ದಿಗೆ ಬೆಚ್ಚಿ ಅದು ತಿರುಗಿ ಬರುತ್ತದೆ. ಕುರಿಗೆ ತಗಲಬಾರದು, ಹತ್ತಿರವೇ ಬೀಳಬೇಕು. ನಮ್ಮಲ್ಲಿ ಜೋಳದ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸುತ್ತಿದ್ದದ್ದೂ ಇದೇ ಕವಣೆಯಿಂದ. 19ನೇ ಶತಮಾನದ ಆರಂಭದಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಬೈಬಲನ್ನು ಕನ್ನಡಕ್ಕೆ ತರಲು ದುಡಿದದ್ದು ಬಳ್ಳಾರಿಯಲ್ಲಿ ಕೂತು. ಕುರಿ, ಕಂಬಳಿ, ಕವಣೆ ಮೂರೂ ಇದ್ದ ಸೀಮೆ ಅದು. ಇವತ್ತು ಕನ್ನಡ ಬೈಬಲಿನಲ್ಲಿ ಕುರುಬ, ಕವಣೆ ಎಂಬ ಮಾತು ಓದುವಾಗ ಎಲ್ಲಿಯೂ ಪರದೇಶದ ವಾಸನೆ ಬರುವುದಿಲ್ಲ.

ಉಳಿದ ಸಾಮಾನು ಬೇಗ ಹೇಳುತ್ತೇನೆ. ಹೆಗಲ ಚೀಲದಲ್ಲಿ ಬುತ್ತಿ. ನೀರಿಗೆ ತೊಗಲಿನ ಚೀಲ. ಊದುವುದಕ್ಕೆ ಕೊಳಲು; ಯುದ್ಧಕ್ಕೆ ಬರದೆ ಮಂದೆಯ ಕೊಳಲು ಕೇಳುತ್ತಾ ದೊಡ್ಡಿಗಳ ನಡುವೆ ಕೂತಿರಾ ಎಂದು ದೆಬೋರಳು ತನ್ನ ಹಾಡಿನಲ್ಲಿ ರೂಬೇನ ಕುಲವನ್ನು ಬಯ್ಯುತ್ತಾಳೆ. ಮಂದೆಯ ಜೊತೆ ನಾಯಿ, ಯೋಬ 30:1ರಲ್ಲಿ ಅದರ ಮಾತಿದೆ. ರಾತ್ರಿಗೆ ಕಲ್ಲಿನ ದೊಡ್ಡಿ, ಇಲ್ಲವೇ ಗವಿ. ಮೈಮೇಲೆ ಹೊದಿಕೆ. ಈ ಹೊದಿಕೆ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದೆ ಕೊಡು, ಅದನ್ನು ಬಿಟ್ಟರೆ ಅವನಿಗೆ ಹೊದೆಯಲು ಇನ್ನೇನಿದೆ ಎಂದು ವಿಮೋಚನಕಾಂಡ 22ರಲ್ಲಿ ಕಟ್ಟಳೆ ಇದೆ. ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆಯಿಲ್ಲ ಎಂದು ಇಪ್ಪತ್ತು ವರ್ಷ ಕುರಿ ಕಾಯ್ದ ಯಾಕೋಬ ಮಾವ ಲಾಬಾನನ ಮುಂದೆ ಗೋಳು ತೋಡಿಕೊಳ್ಳುತ್ತಾನಲ್ಲ, ಅಂಥವನಿಗೆ ಇದ್ದ ಮನೆ ಅದೊಂದೇ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತವರನ್ನು ಕಂಡ ನಮಗೆ ಇದು ಹೊಸದಲ್ಲ.

ಚಿತ್ರಗಳಲ್ಲಿ ಕಾಣುವ ತುದಿ ಬಾಗಿದ ಕೋಲನ್ನು ಮಕ್ಕಳು ಖಂಡಿತ ಕೇಳುತ್ತಾರೆ. ಕೀರ್ತನೆಯಲ್ಲಿ ಕೊಕ್ಕೆಯ ಮಾತಿಲ್ಲ. ಆದರೆ ಬಾಗಿದ ಕೋಲು ಬಹಳ ಹಳೆಯದು. ಐಗುಪ್ತದ ಫರೋಹರು ಅದನ್ನೇ ರಾಜಚಿಹ್ನೆಯಾಗಿ ಹಿಡಿಯುತ್ತಿದ್ದರು, ಅವರ ಚಿತ್ರಲಿಪಿಯಲ್ಲಿ ಅದರ ಅರ್ಥವೇ ಆಳು ಎಂದು. ತುತಾಂಖಾಮನ್ ಎಂಬ ಹುಡುಗ ರಾಜನ ಶವಪೆಟ್ಟಿಗೆಯ ಮೇಲೆ ಆ ಕೋಲು ಎದೆಗೆ ಅಡ್ಡಲಾಗಿದೆ. ಬಿಷಪ್ಪರ ಕೈಯ ಬಾಗಿದ ದಂಡವೂ ಕುರುಬನ ಕೋಲಿನ ಗುರುತೇ.

ಇನ್ನು ಮರಿಯ ಕಾಲು. ನೇರವಾಗಿ ಹೇಳುತ್ತೇನೆ. ಬೈಬಲಿನಲ್ಲಿ ಎಲ್ಲಿಯೂ ಅಂಥ ಮಾತಿಲ್ಲ. ಇದು ಪ್ರಸಂಗದಿಂದ ಪ್ರಸಂಗಕ್ಕೆ ಹರಿದು ಬಂದ ಕಥೆ. ಬರೀ ಇಲ್ಲ ಎನ್ನುವುದಲ್ಲ, ಬೈಬಲ್ ಇದಕ್ಕೆ ಉಲ್ಟಾ ಹೇಳುತ್ತದೆ. ಯೆಹೆಜ್ಕೇಲ 34ರಲ್ಲಿ ದೇವರು ಕೆಟ್ಟ ಕುರುಬರ ಮೇಲೆ ಹೊರಿಸುವ ತಪ್ಪುಗಳಲ್ಲಿ ಒಂದು, ನೀವು ಮುರಿದದ್ದನ್ನು ಕಟ್ಟಲಿಲ್ಲ ಎಂಬುದು. ಕಟ್ಟದಿರುವುದೇ ತಪ್ಪಾದರೆ ಮುರಿಯುವುದು ಏನು? ಯೆಶಾಯ 40:11ರ ಕುರುಬ ಮರಿಗಳನ್ನು ಎದೆಗೆ ಎತ್ತಿಕೊಳ್ಳುತ್ತಾನೆ, ಹಾಲೂಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುತ್ತಾನೆ. ಕೆಲಸದ ಲೆಕ್ಕದಲ್ಲಿ ನೋಡಿದರೂ ಇದು ಹೊಂದುವುದಿಲ್ಲ. ಕಡಿದಾದ ಕಣಿವೆಯಲ್ಲಿ ನೂರು ಕುರಿ ಕಾಯುವವನು ತಾನಾಗೇ ಒಂದನ್ನು ಕುಂಟು ಮಾಡಿ ವಾರಗಟ್ಟಲೆ ಹೊರುತ್ತಾನೆಯೇ? ಮುರಿದ ಕಾಲು ಕೀವಾದರೆ ಮರಿ ಸತ್ತೇ ಹೋಗುತ್ತದೆ. ಯಜಮಾನನಿಗೆ ಏನು ಹೇಳುತ್ತಾನೆ?

ಯಜಮಾನನ ಲೆಕ್ಕ ಸಣ್ಣದಾಗಿರಲಿಲ್ಲ. ಕಾಡುಮೃಗ ಸೀಳಿದ್ದರೆ ಅದರ ಉಳಿಕೆ ತಂದು ತೋರಿಸಬೇಕು, ಆಗ ಕುರುಬ ತೆರಬೇಕಾಗಿಲ್ಲ ಎಂದು ವಿಮೋಚನಕಾಂಡ 22:13. ತೆಕೋವದ ಕುರುಬ ಆಮೋಸ ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತು ತರುವ ಕುರುಬನ ಮಾತು ಹೇಳುವುದು ಇದಕ್ಕೇ. ಆ ತುಂಡು ಸಾಕ್ಷಿ. ಬಾಬಿಲೋನಿನ ಹಮ್ಮುರಾಬಿಯ ಕಟ್ಟಳೆಯಲ್ಲೂ ಇಂಥದ್ದೇ ಇದೆ. ಸಿಂಹ ಕೊಂದರೆ ನಷ್ಟ ಯಜಮಾನನದು, ಕುರುಬನ ಅಸಡ್ಡೆಯಿಂದ ಹೋದರೆ ಕುರುಬನದು.

ಇನ್ನೊಂದು ತಪ್ಪು ಕಲ್ಪನೆಯನ್ನೂ ತಿದ್ದಿಬಿಡುತ್ತೇನೆ. ಅದೇ ಕೀರ್ತನೆಯ ಐದನೇ ವಚನದ ಎಣ್ಣೆ, ನೊಣ ಬಾರದಂತೆ ಕುರಿಯ ತಲೆಗೆ ಹಚ್ಚುವ ಔಷಧ ಎಂದು ಹಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ವಚನದಲ್ಲಿ ಊಟ ಬಡಿಸಿದೆ, ಪಾತ್ರೆ ತುಂಬಿ ಹರಿಯುತ್ತಿದೆ. ಕುರಿ ಪಾತ್ರೆಯಲ್ಲಿ ಕುಡಿಯುತ್ತದೆಯೇ? ಅಲ್ಲಿ ಕವಿ ಮಂದೆಯಿಂದ ಔತಣದ ಮನೆಗೆ ಬಂದಿದ್ದಾನೆ. ಮನೆಗೆ ಬಂದ ಅತಿಥಿಯ ತಲೆಗೆ ಎಣ್ಣೆ ಹಚ್ಚುವುದು ಆ ನಾಡಿನ ಮರ್ಯಾದೆ. ನೀನು ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ ಎಂದು ಲೂಕ 7:46ರಲ್ಲಿ ಯೇಸು ತನ್ನನ್ನು ಊಟಕ್ಕೆ ಕರೆದ ಸೀಮೋನನಿಗೆ ಹೇಳುವುದು ಇದೇ ಮರ್ಯಾದೆಯ ಮಾತು.

ಪಾಠದ ಕೊನೆಗೆ ಸಮಯ ಉಳಿದರೆ ಜೆಕರ್ಯ 11 ಓದಿಸಿ. ಪ್ರವಾದಿ ಎರಡು ಕೋಲು ಹಿಡಿದು ಕುರಿ ಕಾಯುತ್ತಾನೆ, ಒಂದಕ್ಕೆ ದಯೆ ಎಂದೂ ಇನ್ನೊಂದಕ್ಕೆ ಒಗ್ಗಟ್ಟು ಎಂದೂ ಅರ್ಥ ಬರುವ ಹೆಸರು. ಆಮೇಲೆ ದೇವರು ಅವನಿಗೆ, ಬುದ್ಧಿಗೇಡಿ ಕುರುಬನ ಸಲಕರಣೆ ತೆಗೆದುಕೋ ಎನ್ನುತ್ತಾನೆ. ಆ ಸಲಕರಣೆ ಯಾವುದು ಎಂದು ವಚನ ಹೇಳುವುದಿಲ್ಲ. ನನಗನ್ನಿಸುವುದು, ಅವೂ ಅದೇ ದೊಣ್ಣೆ, ಕೋಲು, ಚೀಲ. ಆ ಕುರುಬ ಕಳೆದುಹೋದದ್ದನ್ನು ಹುಡುಕುವುದಿಲ್ಲ, ಮುರಿದದ್ದನ್ನು ವಾಸಿ ಮಾಡುವುದಿಲ್ಲ, ಕೊಬ್ಬಿದ್ದನ್ನು ತಿನ್ನುತ್ತಾನೆ ಎಂದು ಮಾತ್ರ ಮುಂದೆ ಇದೆ. ನಿಮ್ಮ ಹುಡುಗನ ಪ್ರಶ್ನೆಗೆ ಇದೂ ಒಂದು ಉತ್ತರ. ದೊಣ್ಣೆಗೆ ಹೆದರಬೇಕಾದ ಕುರಿಗಳೂ ಇದ್ದವು, ಅಂಥವನ ಮಂದೆಯಲ್ಲಿ.

ಮುಂದಿನ ಭಾನುವಾರ ಒಂದು ಉದ್ದ ಕೋಲು, ಒಂದು ಗಿಡ್ಡ ದೊಣ್ಣೆ ತೆಗೆದುಕೊಂಡು ಹೋಗಿ. ಎರಡನ್ನೂ ಮಕ್ಕಳ ಕೈಗೆ ಕೊಡಿ, ಯಾವುದನ್ನು ಹೇಗೆ ಹಿಡಿಯುತ್ತಾರೆ ನೋಡಿ. ಆಮೇಲೆ ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ಒಬ್ಬೊಬ್ಬರನ್ನೇ ಎಣಿಸುತ್ತಾ ಹೊರಗೆ ಬಿಡಿ. ಕವಣೆ ತೋರಿಸುವುದಾದರೆ ಮೈದಾನದಲ್ಲಿ ಮಾತ್ರ, ಅದರಲ್ಲಿ ಕಲ್ಲು ಬೇಡ, ಬಟ್ಟೆಯ ಉಂಡೆ ಇಡಿ. ಮೊದಲ ಸಲ ಬೀಸಿದವರ ಉಂಡೆ ಸಾಮಾನ್ಯವಾಗಿ ಹಿಂದಕ್ಕೇ ಹೋಗುತ್ತದೆ, ಹಾಗಾಗಿ ಹಿಂದೆ ಯಾರೂ ನಿಂತಿರದ ಹಾಗೆ ನೋಡಿಕೊಳ್ಳಿ.